ಬಾಡಿಗೆ ಕಟ್ಟುವವರು ಯಾರು? ಲೆಕ್ಕಾಚಾರದ ದಾನ ಮತ್ತು ಸೇವಾ ಸಂಸ್ಥೆಗಳ ಹಣಕಾಸು

ಮಕ್ಕಳು ಕೂತು ಗಿರಗಿರ ತಿರುಗುವ ಆಟದ ಚಕ್ರ ಇದೆಯಲ್ಲ, ಅದನ್ನೇ ಬೋರ್‌ವೆಲ್‌ಗೆ ಜೋಡಿಸಿದರೆ? ಮಕ್ಕಳು ಆಡುತ್ತಾರೆ, ಚಕ್ರ ತಿರುಗುತ್ತದೆ, ನೀರು ಮೇಲೆ ಬಂದು ಟ್ಯಾಂಕ್ ತುಂಬುತ್ತದೆ. ಕೇಳಿದ ತಕ್ಷಣ ಕೈ ಜೇಬಿಗೆ ಹೋಗುವಂಥ ಐಡಿಯಾ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ‘ಪ್ಲೇಪಂಪ್’ಗೆ 2006ರಲ್ಲಿ ಅಮೆರಿಕ ಸರ್ಕಾರ ಮತ್ತು ಖಾಸಗಿ ದಾನಿಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದರು. ಆಫ್ರಿಕಾದ ಹಳ್ಳಿಗಳಲ್ಲಿ 4,000 ಪಂಪ್ ಹಾಕುವ ಗುರಿ ಇತ್ತು.

ಒಂದು ಪ್ಲೇಪಂಪ್‌ಗೆ ಸುಮಾರು 14,000 ಡಾಲರ್ ಬೀಳುತ್ತಿತ್ತು. ಮಾಮೂಲಿ ಕೈಪಂಪ್‌ಗಿಂತ ಹಲವು ಪಟ್ಟು ಜಾಸ್ತಿ. ಒಂದು ಪಂಪ್ 2,500 ಜನರಿಗೆ ನೀರು ಕೊಡುತ್ತದೆ ಅಂತ ಹೇಳಿದ್ದರು. 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಕೂತು ಲೆಕ್ಕ ಹಾಕಿತು. ಅಷ್ಟು ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! ಇತ್ತ ಹಳ್ಳಿಗಳಲ್ಲಿ ಮಕ್ಕಳಿಗೆ ಆಟ ಬೇಜಾರಾಗಿತ್ತು. ನೀರು ಬೇಕಾದ ಹೆಂಗಸರು ತಾವೇ ಆ ಭಾರದ ಚಕ್ರವನ್ನು ತಳ್ಳುತ್ತಿದ್ದರು. ಪಂಪ್ ಕೆಟ್ಟರೆ ರಿಪೇರಿಗೆ ಜನ ಬರುವುದು ಯಾವಾಗಲೋ. 2010ರ ಹೊತ್ತಿಗೆ ಈ ಯೋಜನೆ ನಡೆಸುತ್ತಿದ್ದ ಸಂಸ್ಥೆ ಉಳಿದ ಪಂಪ್‌ಗಳನ್ನು ಇನ್ನೊಂದು ಸಂಸ್ಥೆಗೆ ಒಪ್ಪಿಸಿ ಕೈ ತೊಳೆದುಕೊಂಡಿತು.

ಕೊಟ್ಟವರ ಮನಸ್ಸು ಕೆಟ್ಟದಾಗಿರಲಿಲ್ಲ. ದುಡ್ಡಿಗೂ ಕೊರತೆ ಇರಲಿಲ್ಲ. ಕೇಳಬೇಕಾದ ಎರಡು ಮೂರು ಪ್ರಶ್ನೆ ಕೇಳಿರಲಿಲ್ಲ, ಅಷ್ಟೇ. ಇಲ್ಲಿ ಯಾರಿಗೆ ಎಷ್ಟು ನೀರು ಬೇಕು? ಈಗ ಇರುವ ಕೈಪಂಪ್ ಯಾಕೆ ಕೆಡುತ್ತಿದೆ? ಕೆಟ್ಟಾಗ ರಿಪೇರಿ ಖರ್ಚು ಯಾರದು? ‘ಹೊಳೆಗೆ ಸುರಿದರೂ ಅಳೆದು ಸುರಿ’ ಅಂತಾರಲ್ಲ, ಆ ಅಳತೆಯನ್ನು ದಾನದ ಲೋಕದಲ್ಲಿ ಸ್ಟ್ರಾಟೆಜಿಕ್ ಫಿಲಾಂತ್ರಪಿ ಅಂತ ಕರೆಯುತ್ತಾರೆ. ನಾವು ಲೆಕ್ಕಾಚಾರದ ದಾನ ಅನ್ನೋಣ. ಆದರೆ ಈ ಅಳತೆಯ ಹುಮ್ಮಸ್ಸಿನಲ್ಲಿ ದಾನಿಗಳು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಕೆಲಸಕ್ಕೆ ದುಡ್ಡು ಕೊಡುತ್ತಾರೆ, ಆ ಕೆಲಸ ಮಾಡುವ ಸಂಸ್ಥೆ ಬದುಕಿರಲು ಬೇಕಾದ ದುಡ್ಡು ಕೊಡುವುದಿಲ್ಲ. ನನ್ನ ಪ್ರಕಾರ ಈ ಎರಡನೇ ತಪ್ಪೇ ಜಾಸ್ತಿ ಹಾನಿ ಮಾಡುತ್ತಿದೆ. ಯಾಕೆ ಅಂದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿಲ್ಲರೆ ಬಿಟ್ಟು ಸಗಟಿಗೆ

ಹಸಿದವರಿಗೆ ಊಟ ಹಾಕುವುದು, ಫೀಸು ಕಟ್ಟಲಾಗದ ಹುಡುಗಿಗೆ ಫೀಸು ಕಟ್ಟುವುದು, ಆಪರೇಷನ್‌ಗೆ ನೆರವಾಗುವುದು. ಇವಕ್ಕೆ ಯಾವ ಲೆಕ್ಕಾಚಾರವೂ ಬೇಡ. ಕಷ್ಟ ಎದುರಿಗೇ ಇದೆ, ಪರಿಹಾರವೂ ಎದುರಿಗೇ ಇದೆ. ತೊಂದರೆ ಶುರುವಾಗುವುದು ಒಬ್ಬರ ಹತ್ತಿರ ತುಂಬಾ ದುಡ್ಡಿದ್ದಾಗ, ಅಥವಾ ಸಮಸ್ಯೆ ತುಂಬಾ ದೊಡ್ಡದಿದ್ದಾಗ.

ಅಮೆರಿಕದ ಎಣ್ಣೆ ಸಾಹುಕಾರ ಜಾನ್ ಡಿ. ರಾಕ್‌ಫೆಲ್ಲರ್‌ಗೆ ನೆರವು ಕೇಳಿ ಬರುವ ಪತ್ರಗಳ ರಾಶಿಯೇ ಬೀಳುತ್ತಿತ್ತು. ಒಂದೊಂದನ್ನೇ ಓದಿ ಒಬ್ಬೊಬ್ಬರಿಗೆ ಕೊಡುತ್ತಾ ಹೋದರೆ ಜೀವಮಾನ ಸಾಲದು. ಅವನ ಸಲಹೆಗಾರ ಫ್ರೆಡರಿಕ್ ಗೇಟ್ಸ್, ಮೊದಲು ಪಾದ್ರಿಯಾಗಿದ್ದವನು, ಇದಕ್ಕೆ ಒಂದು ದಾರಿ ಹುಡುಕಿದ. ಚಿಲ್ಲರೆ ದಾನ ಸಾಕು, ಇನ್ನು ಸಗಟು ದಾನ ಮಾಡೋಣ ಅಂದ. ಅಂದರೆ ಕೈಚಾಚಿದ ಒಬ್ಬೊಬ್ಬರಿಗೂ ಕೊಡುವ ಬದಲು, ಅಷ್ಟು ಜನ ಕೈಚಾಚುವಂತೆ ಮಾಡಿದ ಕಾರಣಕ್ಕೇ ಕೈ ಹಾಕುವುದು.

ಅದು ಕೆಲಸದಲ್ಲಿ ಹೇಗಿತ್ತು ಅನ್ನುವುದಕ್ಕೆ ಕೊಕ್ಕೆಹುಳುವಿನ ಕತೆ ನೋಡಬೇಕು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳ ಬಡವರು ಯಾವಾಗಲೂ ಸುಸ್ತಾಗಿರುತ್ತಿದ್ದರು. ಮಕ್ಕಳು ಕ್ಲಾಸಿನಲ್ಲೇ ತೂಕಡಿಸುತ್ತಿದ್ದರು. ಉಳಿದವರು ಇವರನ್ನು ಸೋಮಾರಿಗಳು ಅಂತ ಆಡಿಕೊಳ್ಳುತ್ತಿದ್ದರು. ನಿಜವಾದ ಕಾರಣ ಹೊಟ್ಟೆಯೊಳಗಿನ ಹುಳು. ಕಕ್ಕಸು ಇಲ್ಲದೆ ಬಯಲಿಗೆ ಹೋಗುತ್ತಿದ್ದ ಊರುಗಳಲ್ಲಿ, ಬರಿಗಾಲಲ್ಲಿ ನಡೆದವರ ಪಾದದ ಚರ್ಮ ಕೊರೆದು ಅದು ಒಳಗೆ ಹೋಗುತ್ತಿತ್ತು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿತ್ತು.

1909ರಲ್ಲಿ ರಾಕ್‌ಫೆಲ್ಲರ್ 10 ಲಕ್ಷ ಡಾಲರ್ ಕೊಟ್ಟ. ಐದು ವರ್ಷ, 11 ರಾಜ್ಯ, ಒಂದೇ ರೋಗ. ಕೆಲಸ ನಡೆಸಿದವನು ವಿಕ್ಲಿಫ್ ರೋಸ್ ಎಂಬ ಶಿಕ್ಷಣ ತಜ್ಞ. ಅವನು ಮಾತ್ರೆ ಹಂಚುವುದರಿಂದ ಶುರು ಮಾಡಲಿಲ್ಲ. ಮೊದಲು ಎಲ್ಲಿ ಎಷ್ಟು ಜನರಿಗೆ ಹುಳು ಇದೆ ಅಂತ ಸರ್ವೆ ಮಾಡಿಸಿದ. ಪರೀಕ್ಷೆ ಮಾಡಿದ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 40 ಮಂದಿಗೆ ಇತ್ತು. ಆಮೇಲೆ ಊರೂರಿಗೆ ಸಂಚಾರಿ ಔಷಧಾಲಯ ಹೋಯಿತು. ಅಲ್ಲಿ ಸೂಕ್ಷ್ಮದರ್ಶಕ ಇಟ್ಟು ಹುಳುವಿನ ಮೊಟ್ಟೆಯನ್ನು ಜನರಿಗೇ ತೋರಿಸುತ್ತಿದ್ದರು. ಕಣ್ಣಾರೆ ನೋಡಿದ ಮೇಲೆ ವಾದ ಎಲ್ಲಿಂದ ಬರುತ್ತದೆ? ಔಷಧಿ ಕೊಟ್ಟು, ಕಕ್ಕಸು ಯಾಕೆ ಬೇಕು ಅಂತಲೂ ಹೇಳುತ್ತಿದ್ದರು. ಸ್ಥಳೀಯ ಆಡಳಿತವೂ ಖರ್ಚಿನಲ್ಲಿ ಪಾಲು ಹಾಕಬೇಕಿತ್ತು.

ಹುಳು ಪೂರ್ತಿ ನಿರ್ಮೂಲವಾಗಲಿಲ್ಲ. ಆದರೆ 2007ರಲ್ಲಿ ಹೋಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ ಹಳೆಯ ದಾಖಲೆ ತೆಗೆದು ನೋಡಿದರು. ಹುಳುವಿನ ಕಾಟ ಜಾಸ್ತಿ ಇದ್ದ ಜಾಗಗಳಲ್ಲಿ, ಈ ಕಾರ್ಯಕ್ರಮದ ನಂತರ ಶಾಲೆಗೆ ಬರುವವರ ಸಂಖ್ಯೆಯೂ ಓದುಬರಹ ಬಲ್ಲವರ ಸಂಖ್ಯೆಯೂ ಉಳಿದ ಕಡೆಗಿಂತ ಹೆಚ್ಚು ವೇಗವಾಗಿ ಏರಿತ್ತು. ದುಡ್ಡು ಹೋಗಿದ್ದು ಆರೋಗ್ಯಕ್ಕೆ, ಫಲ ಬಂದಿದ್ದು ಶಾಲೆಯಲ್ಲಿ.

ಪುಸ್ತಕ ತಲುಪಿತು, ಓದು ತಲುಪಲಿಲ್ಲ

ಈ ಬಗೆಯ ದಾನದಲ್ಲಿ ಪದೇ ಪದೇ ಕೇಳುವ ಒಂದು ಮಾತಿದೆ, ‘ಥಿಯರಿ ಆಫ್ ಚೇಂಜ್’. ದೊಡ್ಡ ಹೆಸರು, ವಿಷಯ ಸರಳ. ನಾವು ಹೀಗೆ ಮಾಡಿದರೆ ಹಾಗೆ ಆಗುತ್ತದೆ, ಅದರಿಂದ ಇನ್ನೊಂದಾಗುತ್ತದೆ ಅಂತ ನಾವು ನಂಬಿರುವ ಸರಪಳಿಯನ್ನು ಬರೆದಿಡುವುದು. ಬರೆದಿಟ್ಟಾಗ ಯಾವ ಕೊಂಡಿ ಬರೀ ಆಸೆ, ಯಾವುದಕ್ಕೆ ಆಧಾರ ಇದೆ ಅಂತ ಗೊತ್ತಾಗುತ್ತದೆ.

ಕೀನ್ಯಾದ ಪಠ್ಯಪುಸ್ತಕದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಪುಸ್ತಕಗಳೇ ಇರಲಿಲ್ಲ. ಪುಸ್ತಕ ಕೊಟ್ಟರೆ ಮಕ್ಕಳು ಓದುತ್ತಾರೆ, ಓದಿದರೆ ಅಂಕ ಏರುತ್ತದೆ. ಇದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ, ಅಲ್ವಾ? 1990ರ ದಶಕದಲ್ಲಿ ಒಂದು ಸೇವಾ ಸಂಸ್ಥೆ ಅಲ್ಲಿನ ಶಾಲೆಗಳಿಗೆ ಪುಸ್ತಕ ಕೊಟ್ಟಿತು. ಮೈಕೆಲ್ ಕ್ರೆಮರ್ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು, ಪುಸ್ತಕ ಪಡೆದ ಶಾಲೆಗಳನ್ನೂ ಇನ್ನೂ ಪಡೆಯದ ಶಾಲೆಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಸರಾಸರಿ ಅಂಕ ಏರಿರಲಿಲ್ಲ. ಮೊದಲಿನಿಂದಲೂ ಮುಂದಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಗಿತ್ತು. ಕಾರಣ? ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಅಲ್ಲಿನ ಬಹುತೇಕ ಮಕ್ಕಳಿಗೆ ಅದು ಮೂರನೇ ಭಾಷೆ. ಪುಸ್ತಕ ಕೈಗೆ ಸಿಕ್ಕಿತು, ಬಿಡಿಸಿ ಓದಿದರೆ ಅರ್ಥವಾಗಲಿಲ್ಲ. ಸರಪಳಿಯ ನಡುವಿನ ಆ ಒಂದು ಕೊಂಡಿಯನ್ನು ಯಾರೂ ಎಳೆದು ನೋಡಿರಲಿಲ್ಲ.

ಎಷ್ಟು ಪುಸ್ತಕ ಹಂಚಿದೆವು ಅನ್ನುವುದು ‘ಔಟ್‌ಪುಟ್’. ಮಕ್ಕಳು ಎಷ್ಟು ಕಲಿತರು ಅನ್ನುವುದು ‘ಔಟ್‌ಕಮ್’. ಪುಸ್ತಕ ಕೊಟ್ಟ ಸಂಸ್ಥೆಯಿಂದಲೇ ಕಲಿತರಾ, ಅದಿಲ್ಲದಿದ್ದರೂ ಕಲಿಯುತ್ತಿದ್ದರಾ ಅನ್ನುವುದು ‘ಇಂಪ್ಯಾಕ್ಟ್’. ವಾರ್ಷಿಕ ವರದಿಗಳಲ್ಲಿ ಮೊದಲನೆಯದು ದಪ್ಪ ಅಕ್ಷರದಲ್ಲಿ ಇರುತ್ತದೆ. ಮೂರನೆಯದು ಸಿಗುವುದು ಅಪರೂಪ. ಅದನ್ನು ತಿಳಿಯಲು ಹೋಲಿಕೆ ಬೇಕು, ಹೋಲಿಕೆಗೆ ಸಮಯ ಮತ್ತು ದುಡ್ಡು ಬೇಕು. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ನೆರವು ಕೊಟ್ಟು ಹೋಲಿಸುವ ವಿಧಾನಕ್ಕಾಗಿಯೇ ಕ್ರೆಮರ್, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಂತ ಪ್ರತಿಯೊಂದು ಸಣ್ಣ ಸಂಸ್ಥೆಯೂ ಇಂಥ ಪ್ರಯೋಗ ಮಾಡಲಿ ಅಂತ ಕೇಳುವುದು ತಮಾಷೆಯಾದೀತು. ಸೊಳ್ಳೆಪರದೆ ಮಲೇರಿಯಾ ತಡೆಯುತ್ತದೆ ಅಂತ ಒಮ್ಮೆ ಗಟ್ಟಿಯಾಗಿ ಗೊತ್ತಾದ ಮೇಲೆ, ಹಂಚುವವರು ಅದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ. ಪರದೆ ಮನೆಗೆ ತಲುಪಿತಾ, ರಾತ್ರಿ ಕಟ್ಟಿಕೊಂಡು ಮಲಗುತ್ತಾರಾ ಅಂತ ನೋಡಿದರೆ ಸಾಕು. ಇನ್ನು ಕಾನೂನು ಬದಲಾವಣೆಗೆ ಹೋರಾಡುವ ಸಂಸ್ಥೆ ಇದೆ ಅನ್ನಿ. ಹತ್ತು ವರ್ಷ ಏನೂ ಆಗದೆ ಹನ್ನೊಂದನೇ ವರ್ಷ ಕಾನೂನು ಬರಬಹುದು. ಅದಕ್ಕೆ ಮೂರು ತಿಂಗಳಿಗೊಂದು ಅಂಕಿ ಕೇಳಿದರೆ, ಅವರು ಸುಮ್ನೆ ಎಷ್ಟು ಸಭೆ ಮಾಡಿದೆವು ಅಂತ ಎಣಿಸಿ ಕಳಿಸುತ್ತಾರೆ.

ದುಡ್ಡಿನಲ್ಲೂ ಜಾತಿಗಳಿವೆ

ಈಗ ಸಂಸ್ಥೆಯ ಕಡೆಯಿಂದ ನೋಡೋಣ. ಹೊರಗಿನವರಿಗೆ ದೇಣಿಗೆ ಅಂದರೆ ದೇಣಿಗೆ. ಸಂಸ್ಥೆಯ ಲೆಕ್ಕ ಬರೆಯುವವರನ್ನು ಕೇಳಿ, ಒಂದೊಂದು ಚೆಕ್ಕಿಗೂ ಒಂದೊಂದು ಸ್ವಭಾವ ಇದೆ ಅಂತಾರೆ.

ಒಂದು, ಪ್ರಾಜೆಕ್ಟ್ ಗ್ರಾಂಟ್. ಈ ಕೆಲಸಕ್ಕೆ, ಈ ಜಾಗದಲ್ಲಿ, ಈ ಅವಧಿಗೆ ಅಂತ ಕಟ್ಟಿಹಾಕಿದ ದುಡ್ಡು. ಬೇರೆಯದಕ್ಕೆ ಮುಟ್ಟುವಂತಿಲ್ಲ. ಇನ್ನೊಂದು, ಷರತ್ತಿಲ್ಲದ ದುಡ್ಡು. ಸಂಸ್ಥೆಗೆ ಯಾವುದು ಅಗತ್ಯವೋ ಅದಕ್ಕೆ ಬಳಸಬಹುದು. ಸಂಸ್ಥೆಗಳು ಹಂಬಲಿಸುವುದು ಇದಕ್ಕೇ, ಸಿಗುವುದು ಮಾತ್ರ ಕಡಿಮೆ. ಇಡುಗಂಟು ಅಂತ ಮತ್ತೊಂದಿದೆ, ಅಸಲು ಮುಟ್ಟದೆ ಬರುವ ಆದಾಯದಲ್ಲಿ ನಡೆಸುವುದು. ‘ನೀವು ಇಷ್ಟು ಎತ್ತಿದರೆ ನಾನೂ ಅಷ್ಟೇ ಹಾಕುತ್ತೇನೆ’ ಅನ್ನುವ ಮ್ಯಾಚಿಂಗ್ ಗ್ರಾಂಟ್ ಬೇರೆ. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ತೋರಿಸಿ ತೆಗೆದುಕೊಳ್ಳಿ ಅನ್ನುವವರೂ ಇದ್ದಾರೆ. ಕೈಯಲ್ಲಿ ಕಾಸಿಲ್ಲದ ಸಂಸ್ಥೆ ಇಂಥ ಗ್ರಾಂಟ್ ಗೆದ್ದರೆ ಗೆದ್ದದ್ದೇ ಕಷ್ಟವಾಗುತ್ತದೆ. ಅಸಲು ವಾಪಸ್ ಬರಲಿ ಅಂತ ಕಡಿಮೆ ಬಡ್ಡಿಗೆ ಸಾಲದಂತೆ ಕೊಡುವ ಪದ್ಧತಿಯನ್ನು ಫೋರ್ಡ್ ಫೌಂಡೇಶನ್ 1968ರಿಂದ ನಡೆಸುತ್ತಿದೆ. ಫಲ ಕಂಡರೆ ಮಾತ್ರ ಸರ್ಕಾರ ದುಡ್ಡು ಕೊಡುವ, ಅಲ್ಲಿಯವರೆಗೆ ಖಾಸಗಿಯವರು ಹೂಡಿಕೆ ಮಾಡುವ ‘ಸೋಷಿಯಲ್ ಇಂಪ್ಯಾಕ್ಟ್ ಬಾಂಡ್’ 2010ರಲ್ಲಿ ಇಂಗ್ಲೆಂಡಿನ ಪೀಟರ್‌ಬರೊ ಜೈಲಿನಲ್ಲಿ ಶುರುವಾಯಿತು. ಕೈದಿಗಳು ಬಿಡುಗಡೆಯಾದ ಮೇಲೆ ಮತ್ತೆ ಅಪರಾಧಕ್ಕೆ ಇಳಿಯದಂತೆ ನೋಡುವುದು ಅದರ ಕೆಲಸ.

ಇಷ್ಟೆಲ್ಲ ಬಗೆ ಇದ್ದರೂ ದಿನಬೆಳಗಾದರೆ ಸಂಸ್ಥೆಗಳು ಗುದ್ದಾಡುವುದು ಮೊದಲನೆಯದರ ಜೊತೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸುವ ಒಂದು ಸಂಸ್ಥೆ ಇದೆ ಅಂದುಕೊಳ್ಳಿ. ಅದಕ್ಕೆ ಮೂವರು ದಾನಿಗಳು. ಪ್ರತಿಯೊಬ್ಬರೂ ಕಾರ್ಯಕ್ರಮಕ್ಕೆ 100 ಕೊಡುತ್ತಾರೆ. ಆಡಳಿತ ವೆಚ್ಚಕ್ಕೆ ಅಂತ ಮೇಲೆ 10 ಕೊಡುತ್ತಾರೆ, ಅದಕ್ಕಿಂತ ಜಾಸ್ತಿ ಇಲ್ಲ. ಆದರೆ 100ರ ಕಾರ್ಯಕ್ರಮ ನಡೆಸಲು ಸಂಸ್ಥೆಗೆ ಹಿಂದೆ ನಿಜವಾಗಿ ತಗಲುವುದು 25. ಆಫೀಸ್ ಬಾಡಿಗೆ, ಅಕೌಂಟೆಂಟ್ ಸಂಬಳ, ಆಡಿಟ್ ಫೀಸು, ಕರೆಂಟು, ಇಂಟರ್ನೆಟ್ಟು, ಮಕ್ಕಳ ಮಾಹಿತಿ ಇಡುವ ಸಾಫ್ಟ್‌ವೇರ್, ಹೊಸದಾಗಿ ಸೇರಿದವರಿಗೆ ತರಬೇತಿ, ಇವೆಲ್ಲ ಅದರಲ್ಲಿ ಬರುತ್ತವೆ. ಅಂದರೆ ಪ್ರತಿ ಗ್ರಾಂಟಿಗೂ 15 ಕಡಿಮೆ. ಮೂರು ಗ್ರಾಂಟಿಗೆ 45. ವಿಚಿತ್ರ ನೋಡಿ, ನಾಲ್ಕನೇ ದಾನಿ ಬಂದರೆ ಕೊರತೆ 60ಕ್ಕೆ ಏರುತ್ತದೆ. ಬೆಳೆದಷ್ಟೂ ಬಡವಾಗುವ ಲೆಕ್ಕ ಇದು.

ಆ 45 ಎಲ್ಲಿಂದ ಬರುತ್ತದೆ? ಮುಖ್ಯಸ್ಥೆ ಎರಡು ತಿಂಗಳ ಸಂಬಳ ತೆಗೆದುಕೊಳ್ಳುವುದಿಲ್ಲ. ಅಕೌಂಟೆಂಟ್ ಅರ್ಧ ದಿನದವರಾಗುತ್ತಾರೆ. ಕ್ಷೇತ್ರದಲ್ಲಿ ಓಡಾಡಬೇಕಾದ ಕಾರ್ಯಕರ್ತೆ ಸಂಜೆ ಕೂತು ವೋಚರ್ ಅಂಟಿಸುತ್ತಾರೆ. ಕಂಪ್ಯೂಟರ್ ಕೆಟ್ಟರೂ ಇನ್ನೊಂದು ವರ್ಷ ದೂಡುತ್ತಾರೆ. ಜೊತೆಗೆ ಮೂವರು ದಾನಿಗಳಿಗೂ ಮೂರು ಬೇರೆ ನಮೂನೆಯ ರಿಪೋರ್ಟ್ ಬೇಕು. ಒಬ್ಬರಿಗೆ ತಿಂಗಳಿಗೆ, ಒಬ್ಬರಿಗೆ ಮೂರು ತಿಂಗಳಿಗೆ. ಒಬ್ಬರು ಮಕ್ಕಳನ್ನು ವಯಸ್ಸಿನ ಪ್ರಕಾರ ಎಣಿಸಿ ಅಂತಾರೆ, ಇನ್ನೊಬ್ಬರು ತರಗತಿ ಪ್ರಕಾರ. ಮಕ್ಕಳು ಅವರೇ, ಎಣಿಕೆ ಮಾತ್ರ ಮೂರು ಸಲ. ಈ ಎಣಿಕೆಯ ಖರ್ಚು ಯಾರ ಬಜೆಟ್ಟಿನಲ್ಲೂ ಇಲ್ಲ.

ಡ್ರೈವರ್‌ಗೆ ಸಂಬಳ ಕೊಡುತ್ತೇನೆ, ಡೀಸೆಲ್ ನೀವೇ ನೋಡಿಕೊಳ್ಳಿ ಅಂದರೆ ಬಸ್ಸು ಎಷ್ಟು ದೂರ ಹೋದೀತು?

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಬ್ರಿಡ್ಜ್‌ಸ್ಪ್ಯಾನ್ ಎಂಬ ಅಮೆರಿಕದ ಸಲಹಾ ಸಂಸ್ಥೆ, ಯುವಜನರ ನಡುವೆ ಕೆಲಸ ಮಾಡುವ ನಾಲ್ಕು ಸಂಸ್ಥೆಗಳ ಖರ್ಚು ಬಿಡಿಸಿ ನೋಡಿತ್ತು. ಆ ಸಂಸ್ಥೆಗಳು ಹೊರಗೆ ತೋರಿಸುತ್ತಿದ್ದ ಆಡಳಿತ ವೆಚ್ಚ ಶೇ 13ರಿಂದ 22. ನಿಜವಾದದ್ದು ಶೇ 17ರಿಂದ 35. 2009ರಲ್ಲಿ ಇದನ್ನು ಬರೆದ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೋವರ್ಡ್, ಇದು ಹೇಗೆ ಸುತ್ತುತ್ತದೆ ಅಂತ ಬಿಡಿಸಿ ಹೇಳಿದರು. ಆಡಳಿತಕ್ಕೆ ತೀರಾ ಕಡಿಮೆ ಸಾಕು ಅಂತ ದಾನಿಗಳು ಅಂದುಕೊಳ್ಳುತ್ತಾರೆ. ಆ ನಿರೀಕ್ಷೆಗೆ ಹೆದರಿ ಸಂಸ್ಥೆಗಳು ಖರ್ಚು ಕತ್ತರಿಸುತ್ತವೆ, ಉಳಿದದ್ದನ್ನು ಬೇರೆ ತಲೆಬರಹದಡಿ ತೋರಿಸುತ್ತವೆ. ಆ ಅಂಕಿ ನೋಡಿದ ದಾನಿಗಳು, ನೋಡಿ, ಇಷ್ಟರಲ್ಲೇ ಆಗುತ್ತದಲ್ಲ ಅಂತ ಇನ್ನೂ ಇಳಿಸುತ್ತಾರೆ. ಸುಳ್ಳು ಹೇಳಿದವರಿಗೆ ಗ್ರಾಂಟ್ ಸಿಗುತ್ತದೆ, ನಿಜ ಹೇಳಿದವರು ದುಬಾರಿ ಅನ್ನಿಸಿಕೊಳ್ಳುತ್ತಾರೆ.

2013ರಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಸಂಸ್ಥೆಗಳಿಗೆ ರೇಟಿಂಗ್ ಮತ್ತು ಮಾಹಿತಿ ಕೊಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಪ್ರಮಾಣ ನೋಡಿ ಸಂಸ್ಥೆ ಒಳ್ಳೆಯದಾ ಕೆಟ್ಟದ್ದಾ ಅಂತ ತೀರ್ಮಾನಿಸಬೇಡಿ ಅಂದವು. ವರ್ಷಗಟ್ಟಲೆ ಅದೇ ಪ್ರಮಾಣಕ್ಕೆ ಮಹತ್ವ ಕೊಟ್ಟು ಅಂಕ ಹಾಕಿದವರೂ ಆ ಗುಂಪಿನಲ್ಲಿದ್ದರು ಅನ್ನುವುದು ಬೇರೆ ಮಾತು.

ಆಡಳಿತ ವೆಚ್ಚಕ್ಕೆ ಮಿತಿಯೇ ಬೇಡವಾ? ಬೇಕು. ದೇಣಿಗೆ ಎತ್ತುವುದಕ್ಕೇ ಬಹುಪಾಲು ಖರ್ಚು ಮಾಡುವ ಮೋಸದ ಸಂಸ್ಥೆಗಳು ಇರುವುದು ನಿಜ. ಆದರೆ ಕಳ್ಳರನ್ನು ಹಿಡಿಯಲು ಮಾಡಿದ ಅಳತೆಗೋಲು ಕಳ್ಳರಿಗೆ ತಾಗುವುದಿಲ್ಲ. ಅವರು ಅಂಕಿಯನ್ನು ಚೆನ್ನಾಗಿಯೇ ಬರೆದಿರುತ್ತಾರೆ. ಪೆಟ್ಟು ಬೀಳುವುದು ಪ್ರಾಮಾಣಿಕರಿಗೆ.

ಎಲ್ಲಿಂದ ಬರುತ್ತದೆ ಈ ದುಡ್ಡು

ದಾನ ಅಂದ ತಕ್ಷಣ ದೊಡ್ಡ ದೊಡ್ಡ ಫೌಂಡೇಶನ್‌ಗಳ ಹೆಸರು ನೆನಪಾಗುತ್ತದೆ. ಆದರೆ ಲೆಕ್ಕ ಚೆನ್ನಾಗಿ ಸಿಗುವ ಅಮೆರಿಕವನ್ನೇ ತೆಗೆದುಕೊಳ್ಳಿ. 2023ರಲ್ಲಿ ಅಲ್ಲಿ ಒಟ್ಟು ದಾನ ಸುಮಾರು 55,700 ಕೋಟಿ ಡಾಲರ್. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಕೊಟ್ಟಿದ್ದು ವ್ಯಕ್ತಿಗಳು. ಫೌಂಡೇಶನ್‌ಗಳ ಪಾಲು ಐದನೇ ಒಂದಕ್ಕಿಂತ ಸ್ವಲ್ಪ ಕಡಿಮೆ. ಕಂಪನಿಗಳದ್ದು ಶೇ 7ರ ಆಸುಪಾಸು. ಸದ್ದು ಜಾಸ್ತಿ ಮಾಡುವವರು ಒಬ್ಬರು, ದುಡ್ಡು ಜಾಸ್ತಿ ಕೊಡುವವರು ಇನ್ನೊಬ್ಬರು.

ಇಲ್ಲಿ ಒಂದು ಹಳೆಯ ಉಪದೇಶ ಇದೆ. ಒಬ್ಬರನ್ನೇ ನಂಬಬೇಡಿ, ಹತ್ತು ಕಡೆಯಿಂದ ದುಡ್ಡು ತನ್ನಿ ಅಂತ. ಕೇಳಲು ಬುದ್ಧಿವಂತಿಕೆಯ ಮಾತೇ. ಆದರೆ 2007ರಲ್ಲಿ ವಿಲಿಯಂ ಫಾಸ್ಟರ್ ಮತ್ತು ಗೇಲ್ ಫೈನ್ ಎಂಬ ಅಧ್ಯಯನಕಾರರು ಒಂದು ಕುತೂಹಲದ ವಿಷಯ ಹೊರಹಾಕಿದರು. 1970ರಿಂದ ಅಮೆರಿಕದಲ್ಲಿ ಶುರುವಾದ ಲಾಭರಹಿತ ಸಂಸ್ಥೆಗಳು 2 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ವರ್ಷಕ್ಕೆ 5 ಕೋಟಿ ಡಾಲರ್ ಆದಾಯ ದಾಟಿದ್ದು ಬರೀ 144. ಆಸ್ಪತ್ರೆ, ವಿಶ್ವವಿದ್ಯಾಲಯದಂಥವನ್ನು ಈ ಲೆಕ್ಕದಿಂದ ಬಿಟ್ಟಿದ್ದರು. ಆ 144ರಲ್ಲಿ ಹೆಚ್ಚಿನವು ಬೆಳೆದದ್ದು ಒಂದೇ ಬಗೆಯ ಮೂಲದಿಂದ. ಕೆಲವಕ್ಕೆ ಸರ್ಕಾರ, ಕೆಲವಕ್ಕೆ ಸಾಮಾನ್ಯ ಜನರ ಸಣ್ಣ ದೇಣಿಗೆ, ಕೆಲವಕ್ಕೆ ಕಂಪನಿಗಳು ಕೊಡುವ ಸಾಮಾನು.

ಯೋಚಿಸಿದರೆ ಇದು ಅರ್ಥವಾಗುತ್ತದೆ. ಸರ್ಕಾರದ ಟೆಂಡರ್ ಬರೆಯುವ ಕಸುಬೇ ಬೇರೆ, ಸಾವಿರಾರು ಜನರಿಗೆ ಪತ್ರ ಬರೆದು ಸಣ್ಣ ಸಣ್ಣ ಮೊತ್ತ ಎತ್ತುವ ಕಸುಬೇ ಬೇರೆ. ಎರಡಕ್ಕೂ ಬೇರೆ ಜನ ಬೇಕು. ಎಲ್ಲ ಕಡೆ ಕೈ ಹಾಕಿದ ಸಂಸ್ಥೆ ಯಾವುದರಲ್ಲೂ ಪಳಗುವುದಿಲ್ಲ. ಒಂದೇ ಬಗೆ ಅಂದರೆ ಒಬ್ಬನೇ ದಾನಿ ಅಂತ ಅಲ್ಲ, ಅದನ್ನು ಗಮನಿಸಿ. ಒಬ್ಬನ ಮೇಲೇ ನಿಂತ ಸಂಸ್ಥೆ ಅವನ ಮನಸ್ಸು ಬದಲಾದ ದಿನ ಬೀಳುತ್ತದೆ. ಕೆಲವು ತಿಂಗಳ ಖರ್ಚಿಗೆ ಆಗುವಷ್ಟು ಮೀಸಲು ನಿಧಿ ಇರಬೇಕು ಅನ್ನುವುದು ಇದಕ್ಕೇ. ಷರತ್ತಿನ ದುಡ್ಡಿನಿಂದ ಆ ಮೀಸಲನ್ನು ಕಟ್ಟಲಾಗುವುದಿಲ್ಲ ಅನ್ನುವುದೇ ಕಗ್ಗಂಟು.

ದುಡ್ಡಿದ್ದವರಿಗೆ ಎಲ್ಲವೂ ಗೊತ್ತಾ?

ಲೆಕ್ಕಾಚಾರದ ದಾನಕ್ಕೆ ಏಟು ಬಿದ್ದಿದ್ದು ಹೊರಗಿನವರಿಂದ ಮಾತ್ರ ಅಲ್ಲ. ಹಾಲ್ ಹಾರ್ವಿ ಎಂಬಾತ ಈ ವಿಷಯದ ದೊಡ್ಡ ಪ್ರತಿಪಾದಕ. ಪಾಲ್ ಬ್ರೆಸ್ಟ್ ಜೊತೆ ಸೇರಿ 2008ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದವರು. 2016ರಲ್ಲಿ ಅವರೇ ಒಂದು ಲೇಖನ ಬರೆದು ತಮಗೆ ಪಶ್ಚಾತ್ತಾಪ ಆಗಿದೆ ಅಂದರು. ದಾನಿಗಳು ತಾವೇ ಯೋಜನೆ ಹೆಣೆದು ಸಂಸ್ಥೆಗಳನ್ನು ಗುತ್ತಿಗೆದಾರರ ಹಾಗೆ ನಡೆಸಿಕೊಳ್ಳುತ್ತಿದ್ದಾರೆ, ಅದರ ಬದಲು ಒಳ್ಳೆಯ ಜನರನ್ನು ಹುಡುಕಿ ಅವರ ಕೈಗೆ ದುಡ್ಡು ಕೊಟ್ಟು ಬಿಡಬೇಕು ಅನ್ನುವುದು ಅವರ ಮಾತಿನ ಸಾರ. ಇದೇ ಹಾದಿಯ ಇನ್ನೊಬ್ಬ ಮುಖ್ಯ ಚಿಂತಕ ಮಾರ್ಕ್ ಕ್ರೇಮರ್ ಕೂಡ 2024ರಲ್ಲಿ ಸಹಲೇಖಕರೊಬ್ಬರ ಜೊತೆ ಸೇರಿ, ಈ ವಿಧಾನ ಎಲ್ಲಿ ದಾರಿ ತಪ್ಪಿತು ಅಂತ ಬರೆದರು.

ಮೇಲಿನಿಂದ ಹೆಣೆದ ಯೋಜನೆ ಹೇಗೆ ಸೋಲುತ್ತದೆ ಅನ್ನುವುದಕ್ಕೆ ಗೇಟ್ಸ್ ಫೌಂಡೇಶನ್‌ನ ಶಿಕ್ಷಕರ ಕಾರ್ಯಕ್ರಮ ನೋಡಬಹುದು. ಶಿಕ್ಷಕರ ಕೆಲಸಕ್ಕೆ ಅಂಕ ಹಾಕಿ, ಅದರ ಮೇಲೆ ಬಡ್ತಿ, ಬೋನಸ್ ಕೊಟ್ಟರೆ ಮಕ್ಕಳ ಕಲಿಕೆ ಸುಧಾರಿಸುತ್ತದೆ ಅನ್ನುವ ನಂಬಿಕೆ. ಅಮೆರಿಕದ ಮೂರು ದೊಡ್ಡ ಶಾಲಾ ಜಿಲ್ಲೆ ಮತ್ತು ನಾಲ್ಕು ಶಾಲಾ ಸಮೂಹಗಳಲ್ಲಿ ಇದು ನಡೆಯಿತು. ಎಲ್ಲರ ಪಾಲೂ ಸೇರಿ 57.5 ಕೋಟಿ ಡಾಲರ್ ಖರ್ಚಾಯಿತು. 2018ರಲ್ಲಿ ರ‍್ಯಾಂಡ್ ಸಂಸ್ಥೆ ಕೊಟ್ಟ ವರದಿ ನೇರವಾಗಿತ್ತು. ಮಕ್ಕಳ ಫಲಿತಾಂಶದಲ್ಲಿ ನಿರೀಕ್ಷಿಸಿದ ಸುಧಾರಣೆ ಆಗಿಲ್ಲ. ಒಂದು ಮೆಚ್ಚಬೇಕಾದ ಸಂಗತಿ ಏನಂದರೆ, ಸೋತದ್ದು ನಮಗೆ ಗೊತ್ತಾಗಿದ್ದು ಫೌಂಡೇಶನ್ನೇ ಹೊರಗಿನವರಿಂದ ಅಳೆಸಿದ್ದರಿಂದ. ಎಷ್ಟೋ ದಾನಗಳು ಸೋತದ್ದೂ ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತವೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವರು ಅಮೆರಿಕದ ಭಾರಿ ಶ್ರೀಮಂತೆ ಮೆಕೆಂಜಿ ಸ್ಕಾಟ್. 2019ರಿಂದ 2024ರ ಕೊನೆಯವರೆಗೆ ಇವರು ಕೊಟ್ಟಿದ್ದು 1,900 ಕೋಟಿ ಡಾಲರ್‌ಗೂ ಹೆಚ್ಚು. ಅವರ ತಂಡ ಸದ್ದಿಲ್ಲದೆ ಸಂಸ್ಥೆಗಳ ಬಗ್ಗೆ ತಿಳಿದುಕೊಳ್ಳುತ್ತದೆ, ಆಮೇಲೆ ಒಂದು ದಿನ ಫೋನ್ ಬರುತ್ತದೆ. ದೊಡ್ಡ ಮೊತ್ತ, ಒಂದೇ ಸಲ, ಹೀಗೇ ಖರ್ಚು ಮಾಡಿ ಅನ್ನುವ ಷರತ್ತಿಲ್ಲ. ಇಷ್ಟು ದುಡ್ಡು ಒಮ್ಮೆಲೇ ಬಂದರೆ ಸಂಸ್ಥೆಗಳು ಅರಗಿಸಿಕೊಳ್ಳಲಾರವು ಅಂತ ಬಹಳ ಜನ ಹೇಳಿದ್ದರು. ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರಪಿ ಎಂಬ ಅಧ್ಯಯನ ಸಂಸ್ಥೆ, ದುಡ್ಡು ಪಡೆದವರನ್ನು ಹಲವು ವರ್ಷ ಹಿಂಬಾಲಿಸಿ ಕೇಳಿದಾಗ ಆ ಭಯ ಹೆಚ್ಚಾಗಿ ಸುಳ್ಳಾಗಿತ್ತು. ಆದರೆ ಫೋನ್ ಯಾರಿಗೆ ಬರುತ್ತದೆ ಅನ್ನುವುದು ದೇವರಿಗೇ ಗೊತ್ತು ಅನ್ನುವ ದೂರು ಇತ್ತು. ಅದಕ್ಕೋ ಏನೋ ಮುಂದೆ ಅರ್ಜಿ ಕರೆದರು. 6,000ಕ್ಕೂ ಹೆಚ್ಚು ಸಂಸ್ಥೆಗಳು ಅರ್ಜಿ ಹಾಕಿದವು. 250 ಸಂಸ್ಥೆಗಳಿಗೆ ಕೊಡುವ ಯೋಚನೆ ಇದ್ದದ್ದು, 2024ರ ಮಾರ್ಚ್‌ನಲ್ಲಿ 361 ಸಂಸ್ಥೆಗಳಿಗೆ 64 ಕೋಟಿ ಡಾಲರ್ ಆಗಿ ಮುಗಿಯಿತು.

ಹಾಗಾದರೆ ಲೆಕ್ಕಾಚಾರ ಬಿಟ್ಟು ನಂಬಿಕೆ ಮೇಲೆ ಕೊಡುವುದೇ ಸರಿಯಾ? ನನಗೆ ಹಾಗನ್ನಿಸುವುದಿಲ್ಲ. ಸ್ಕಾಟ್ ತಂಡ ಕೊಡುವ ಮೊದಲು ಬೇಕಾದಷ್ಟು ಹುಡುಕುತ್ತದೆ. ಲೆಕ್ಕಾಚಾರ ಅಲ್ಲೂ ಇದೆ, ಅದರ ಜಾಗ ಬೇರೆ. ಯಾರಿಗೆ ಕೊಡಬೇಕು, ಯಾವ ಸಮಸ್ಯೆಗೆ ಕೊಡಬೇಕು ಅನ್ನುವಲ್ಲಿ ಎಷ್ಟು ಬೇಕಾದರೂ ತಲೆ ಕೆಡಿಸಿಕೊಳ್ಳಿ. ಕೊಟ್ಟ ಮೇಲೆ ಬಜೆಟ್ಟಿನ ಪ್ರತಿ ಸಾಲಿಗೂ ಕೈ ಹಾಕಬೇಡಿ. ಈಗ ಹೆಚ್ಚಿನ ಕಡೆ ನಡೆಯುತ್ತಿರುವುದು ಇದರ ಉಲ್ಟಾ. ಪರಿಚಯದವರಿಗೆ, ಚೆನ್ನಾಗಿ ಮಾತಾಡುವವರಿಗೆ ಸುಲಭವಾಗಿ ಗ್ರಾಂಟ್ ಸಿಗುತ್ತದೆ. ಆಮೇಲೆ ಟ್ಯಾಕ್ಸಿ ರಸೀದಿಗೆ ವಿಚಾರಣೆ ನಡೆಯುತ್ತದೆ.

ಎಷ್ಟು ದಿನ ಕೊಡಬೇಕು, ಹೇಗೆ ಬಿಡಬೇಕು

ಅಮೆರಿಕದ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇ 5ರಷ್ಟನ್ನು ಕೊಡಲೇಬೇಕು. 1969ರ ತೆರಿಗೆ ಕಾನೂನಿನಿಂದ ಹುಟ್ಟಿದ ನಿಯಮದ ಈಗಿನ ರೂಪ ಇದು. ಉಳಿದ 95 ಮಾರುಕಟ್ಟೆಯಲ್ಲಿ ಬೆಳೆಯುತ್ತಿರುತ್ತದೆ, ಆದ್ದರಿಂದ ಫೌಂಡೇಶನ್‌ಗೆ ಸಾವಿಲ್ಲ. ತೆರಿಗೆ ವಿನಾಯಿತಿ ಇವತ್ತೇ ಸಿಕ್ಕಿತು, ಜನರಿಗೆ ಉಪಯೋಗ ನಿಧಾನಕ್ಕೆ ಬರುತ್ತದೆ. ‘ಡೋನರ್ ಅಡ್ವೈಸ್ಡ್ ಫಂಡ್’ ಎಂಬ ಖಾತೆಗಳಿಗೆ ಈ ಶೇ 5ರ ನಿಯಮವೂ ಇಲ್ಲ. ದಾನಿಗೆ ವಿನಾಯಿತಿ ತಕ್ಷಣ ಸಿಗುತ್ತದೆ. ದುಡ್ಡು ಸಂಸ್ಥೆಗೆ ಯಾವತ್ತು ಹೋಗಬೇಕು ಅನ್ನುವುದಕ್ಕೆ ಗಡುವಿಲ್ಲ. ಇದು ನ್ಯಾಯವಾ ಅನ್ನುವ ವಾದ ಅಲ್ಲಿ ಇನ್ನೂ ನಡೆಯುತ್ತಿದೆ.

ಶಾಶ್ವತವಾಗಿ ಇಟ್ಟುಕೊಳ್ಳದೆ ಒಂದು ಅವಧಿಯೊಳಗೆ ಎಲ್ಲ ಕೊಟ್ಟು ಮುಗಿಸಬೇಕು ಅನ್ನುವವರೂ ಇದ್ದಾರೆ. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆ ಕಟ್ಟಲು ನೆರವಾದ. ಪೂರ್ತಿ ಖರ್ಚು ಕೊಡಲಿಲ್ಲ. ಊರಿನವರೂ ಸರ್ಕಾರವೂ ಪಾಲು ಹಾಕಬೇಕಿತ್ತು, ಶಾಲೆಯನ್ನು ಮುಂದೆ ಸಾರ್ವಜನಿಕ ವ್ಯವಸ್ಥೆಯೇ ನಡೆಸಬೇಕಿತ್ತು. ತನ್ನ ನಿಧಿ ಶಾಶ್ವತವಾಗಿ ಇರಬಾರದು ಅಂತ ಅವನೇ ಷರತ್ತು ಹಾಕಿದ್ದ, 1948ರಲ್ಲಿ ಅದು ಮುಚ್ಚಿತು. ಡ್ಯೂಟಿ ಫ್ರೀ ಅಂಗಡಿಗಳಿಂದ ದುಡ್ಡು ಮಾಡಿದ ಚಕ್ ಫೀನಿ ತನ್ನ ಅಟ್ಲಾಂಟಿಕ್ ಫಿಲಾಂತ್ರಪೀಸ್ ಮೂಲಕ ಸುಮಾರು 800 ಕೋಟಿ ಡಾಲರ್ ಕೊಟ್ಟು, 2020ರಲ್ಲಿ ಬಾಗಿಲು ಹಾಕಿದ. ಗೇಟ್ಸ್ ಫೌಂಡೇಶನ್ ಕೂಡ 2045ರ ಹೊತ್ತಿಗೆ ಎಲ್ಲ ಖರ್ಚು ಮಾಡಿ ಮುಚ್ಚುವುದಾಗಿ 2025ರಲ್ಲಿ ಹೇಳಿದೆ.

ಮುಚ್ಚುವ ದಿನಾಂಕ ಮೊದಲೇ ಹೇಳುವುದರಲ್ಲಿ ಸಂಸ್ಥೆಗಳಿಗೆ ದೊಡ್ಡ ಅನುಕೂಲ ಇದೆ. ಅವರು ತಯಾರಾಗಬಹುದು. ಮಾಮೂಲಿ ದಾನಿಗಳು ಹೋಗುವ ರೀತಿ ಹೀಗಿರುವುದಿಲ್ಲ. ಮೂರು ವರ್ಷದ ಗ್ರಾಂಟ್ ಮುಗಿಯುವ ಹೊತ್ತಿಗೆ ಫೌಂಡೇಶನ್‌ಗೆ ಹೊಸ ಮುಖ್ಯಸ್ಥರು ಬಂದಿರುತ್ತಾರೆ. ನಮ್ಮ ಗಮನ ಈಗ ಬೇರೆ ವಿಷಯದ ಕಡೆ ಅಂತ ಒಂದು ಇಮೇಲ್ ಬರುತ್ತದೆ. ಸಂಸ್ಥೆಯ ಕೆಲಸ ಕೆಟ್ಟದ್ದಾಗಿರುವುದಿಲ್ಲ, ಆದರೂ ಹತ್ತು ಜನರ ಕೆಲಸ ಹೋಗುತ್ತದೆ. ನಡುವಿನಲ್ಲಿದ್ದ ಮಕ್ಕಳ ತರಗತಿ ನಿಲ್ಲುತ್ತದೆ.

ಆದ್ದರಿಂದ ಗ್ರಾಂಟ್ ಕೈಗೆ ಬಂದ ದಿನವೇ ಸಂಸ್ಥೆಯವರು ದಾನಿಯನ್ನು ಕೇಳಬೇಕಾದ ಕೆಲವು ವಿಷಯ ಇವೆ. ಮುಂದುವರಿಸುತ್ತೀರಾ ಇಲ್ಲವಾ ಅಂತ ಎಷ್ಟು ತಿಂಗಳ ಮೊದಲು ಹೇಳುತ್ತೀರಿ? ನಿಲ್ಲಿಸುವುದಾದರೆ ಕೊನೆಯ ವರ್ಷದ ಮೊತ್ತವನ್ನು ಒಮ್ಮೆಲೇ ಕಡಿಯದೆ ಇಳಿಸುತ್ತಾ ಬರುತ್ತೀರಾ? ಆ ಕೊನೆಯ ಕಂತಿನಲ್ಲಿ ಸ್ವಲ್ಪವಾದರೂ ಮೀಸಲು ನಿಧಿಗೆ ಹಾಕಿಕೊಳ್ಳಲು ಬಿಡುತ್ತೀರಾ? ಬೇರೆ ದಾನಿಗಳಿಗೆ ನಮ್ಮ ಪರಿಚಯ ಮಾಡಿಕೊಡುತ್ತೀರಾ? ಮೊದಲ ದಿನವೇ ಇದನ್ನೆಲ್ಲ ಕೇಳಲು ಸಂಕೋಚ ಆಗುವುದು ಸಹಜ. ಅದಕ್ಕೇ ದಾನಿಗಳು ಉತ್ತರವನ್ನು ತಾವಾಗಿಯೇ ಒಪ್ಪಂದದ ಪತ್ರದಲ್ಲಿ ಬರೆದುಕೊಡುವುದು ಒಳ್ಳೆಯದು.